ಆರ್‌ಸಿಬಿಎಸ್ ರಾಕ್ ಚಕ್ಕರ್ ಕಿಟ್: ರೈಫಲ್ ತೋಟಾ ತುಂಬಲು ಕಲಿಯುವವರಿಗೆ

ಅಮೆರಿಕದಲ್ಲಿದ್ದು ರೇಂಜಿನಲ್ಲಿ .308 ವಿಂಚೆಸ್ಟರ್ ರೈಫಲ್ ತೋಟಾ ಹೊಡೆಯುವವರು ಖಾಲಿ ತೋಟಾವನ್ನು ಮನೆಯಲ್ಲೇ ಮರುತುಂಬಲು ಹೊರಟರೆ, ಆರ್‌ಸಿಬಿಎಸ್ ಕಂಪನಿಯ ರಾಕ್ ಚಕ್ಕರ್ ಸುಪ್ರೀಮ್ ಮಾಸ್ಟರ್ ಕಿಟ್ ಒಳ್ಳೆಯ ಆರಂಭ. ಅಲ್ಲಿ ಸ್ವಂತ ಬಳಕೆಗೆ ಫೆಡರಲ್ ಲೈಸೆನ್ಸ್ ಬೇಡ, ತುಂಬಿ ಮಾರುವುದಾದರೆ ಬೇಕು. ಊರಿನಲ್ಲಿ, ಅಂದರೆ ಭಾರತದಲ್ಲಿ, ಇದನ್ನು ಮಾಡಲು ಹೋಗಬೇಡಿ: 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಲೈಸೆನ್ಸಿಲ್ಲದೆ ತೋಟಾ ತಯಾರಿಸುವುದು ಅಪರಾಧ. ಕೊಡವರಿಗೂ ಕೊಡಗಿನ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೇ ಹೊರತು ತೋಟಾ ತಯಾರಿಗಲ್ಲ.

ಕಿಟ್ಟಿನ ಜೀವ ಇರುವುದು ಪ್ರೆಸ್‌ನಲ್ಲಿ, ಅಂದರೆ ಕೇಸನ್ನು (ತೋಟಾದ ಹಿತ್ತಾಳೆ ಕೊಳವೆಯನ್ನು) ಡೈ ಎಂಬ ಅಚ್ಚಿನೊಳಗೆ ಒತ್ತುವ ಯಂತ್ರದಲ್ಲಿ. ಎರಕದ ಕಬ್ಬಿಣ, ಲಿವರ್ ಎಷ್ಟು ಬಲವಾಗಿ ಎಳೆದರೂ ಬಾಗದು. ಆದರೆ ಮೇಜು ಬಾಗುತ್ತದೆ. ಮರದ ಸ್ಕ್ರೂ ಹಾಕಿ ಕೂರಿಸಿದರೆ ಬೇಗ ಸಡಿಲವಾಗುತ್ತದೆ. ದಪ್ಪ ಹಲಗೆಗೆ ಆರಪಾರ ಬೋಲ್ಟ್, ಕೆಳಗೆ ಅಗಲ ವಾಷರ್ ಹಾಕಿ. ತೋಟಾದ ಮದ್ದಿಗೆ ಕಿಡಿ ಹಚ್ಚಿ ಮುಗಿಸಿ ಉದುರುವ ಹಳೆ ಪ್ರೈಮರ್‌ಗಳ ಮಸಿ, ಪ್ರೆಸ್‌ನ ಏರಿಳಿಯುವ ಕಂಬವಾದ ರ‍್ಯಾಮ್ ಮೇಲೆ ಕೂರುತ್ತದೆ, ಆಗಾಗ ಒರೆಸಬೇಕು.

ತೂಕದ ಕಡ್ಡಿ ತಕ್ಕಡಿ ನಿಧಾನ, ಆದರೆ ನಂಬಿಕಸ್ಥ. ಫ್ಯಾನ್ ಗಾಳಿ ತಗುಲಿದರೆ ಕಡ್ಡಿ ತೂಗಾಡುತ್ತಲೇ ಇರುತ್ತದೆ. ಪ್ರತಿ ಸಲ ಸೊನ್ನೆಗೆ ತಂದು, ಚೆಕ್ ವೇಟ್ (ತೂಕ ಗೊತ್ತಿರುವ ಬಟ್ಟು) ಇಟ್ಟು ನೋಡಿಯೇ ಶುರುಮಾಡಿ. ಯೂನಿಫ್ಲೋ ಎಂಬ ಮದ್ದಿನ ಅಳತೆ ಸಾಧನ ಉರುಟು ಕಾಳಿನ ಮದ್ದನ್ನು ಸಮನಾಗಿ ಇಳಿಸುತ್ತದೆ. ಉದ್ದ ಕಡ್ಡಿಯಂಥ ಮದ್ದು ಅದರ ತಿರುಗುವ ಡ್ರಮ್ಮಿಗೆ ಸಿಕ್ಕಿ ಕಟ್ ಎಂದು ತುಂಡಾಗುತ್ತದೆ, ತೂಕ ಏರುಪೇರಾಗುತ್ತದೆ. ಅಂಥದ್ದನ್ನು ತುಸು ಕಮ್ಮಿ ಇಳಿಸಿಕೊಂಡು, ತಕ್ಕಡಿಯ ಮೇಲೆ ಚಿಟಿಕೆ ಚಿಟಿಕೆಯಾಗಿ ಸರಿದೂಗಿಸಿ. ಹೊಸ ಡ್ರಮ್ಮಿನ ಎಣ್ಣೆ ಪೂರ್ತಿ ಒರೆಸದಿದ್ದರೆ ಮದ್ದು ಒಳಗೇ ಅಂಟುತ್ತದೆ.

"ಮಾಸ್ಟರ್" ಎಂಬ ಹೆಸರು ನೋಡಿ ಎಲ್ಲವೂ ಇದೆ ಎಂದುಕೊಳ್ಳಬೇಡಿ. ಡೈ ಸೆಟ್, ಶೆಲ್ ಹೋಲ್ಡರ್ (ಕೇಸಿನ ಬುಡ ಹಿಡಿಯುವ ತುಂಡು), ಕ್ಯಾಲಿಪರ್ (ಉದ್ದ ಅಳೆಯುವ ಸಾಧನ), ಕೇಸ್ ಟ್ರಿಮ್ಮರ್, ಬುಲೆಟ್ ಕೀಳುವ ಸುತ್ತಿಗೆ, ಎಲ್ಲವನ್ನೂ ಬೇರೆ ಕೊಳ್ಳಬೇಕು. ಕ್ಯಾಲಿಪರ್ ಇಲ್ಲದೆ ಮುಂದುವರಿಯಲೇಬೇಡಿ: .308ರ ಕೇಸ್ 2.015 ಇಂಚು ದಾಟಿದ್ದರೆ 2.005ಕ್ಕೆ ಕತ್ತರಿಸಬೇಕು. ಉದ್ದ ಬಿಟ್ಟರೆ ಕೇಸಿನ ಬಾಯಿ ಬ್ಯಾರಲ್ಲಿನ ಅಂಚಿಗೆ ಒತ್ತಿ ಬುಲೆಟ್ಟನ್ನು ಹಿಡಿದುಬಿಡುತ್ತದೆ, ಒತ್ತಡ ವಿಪರೀತ ಏರುತ್ತದೆ.

ಹೊಸಬರು ಹೆಚ್ಚು ಎಡವುವುದು ಸೈಸಿಂಗ್‌ನಲ್ಲಿ, ಅಂದರೆ ಹೊಡೆದಾಗ ಹಿಗ್ಗಿದ ಕೇಸನ್ನು ಡೈಯಲ್ಲಿ ಒತ್ತಿ ಮೊದಲಿನ ಅಳತೆಗೆ ತರುವಾಗ. ಲ್ಯೂಬ್ (ಜಾರಲು ಸವರುವ ಜಿಡ್ಡು) ಕಮ್ಮಿಯಾದರೆ ಕೇಸ್ ಡೈಯೊಳಗೆ ಕಚ್ಚಿಕೊಳ್ಳುತ್ತದೆ. ಜೋರಾಗಿ ಎಳೆದರೆ ಬುಡದ ರಿಮ್ ಕಿತ್ತು ಬರುತ್ತದೆ, ಕೇಸ್ ಅಲ್ಲೇ ಉಳಿಯುತ್ತದೆ. ಲ್ಯೂಬ್ ಜಾಸ್ತಿಯಾದರೆ ಕೇಸಿನ ಭುಜದ (ಕತ್ತಿನ ಕೆಳಗಿನ ಇಳಿಜಾರು) ಮೇಲೆ ತಗ್ಗು ಬೀಳುತ್ತದೆ. ಬೆರಳಿಗೆ ಜಿಡ್ಡು ತಾಗುವಷ್ಟಿದ್ದರೆ ಸಾಕು, ಕತ್ತಿನ ಒಳಗೂ ಒಂದಿಷ್ಟು ಸವರಿ. ಡೈ ಅತಿಯಾಗಿ ಇಳಿಸಿದರೆ ಭುಜ ಹಿಂದೆ ಸರಿದು, ಕೆಲವೇ ಬಾರಿ ಹೊಡೆಯುವಷ್ಟರಲ್ಲಿ ಕೇಸಿನ ಬುಡಕ್ಕಿಂತ ತುಸು ಮೇಲೆ ಹೊಳೆಯುವ ಗೆರೆ ಮೂಡುತ್ತದೆ. ಬಗ್ಗಿಸಿದ ಪೇಪರ್ ಕ್ಲಿಪ್ ಒಳಗೆ ಬಿಟ್ಟು ಗೀರಿ, ಅಲ್ಲಿ ತಡೆಯುವ ಗುಳಿ ಸಿಕ್ಕರೆ ಕೇಸ್ ಬಿಸಾಡಿ.

ಕೈಯಿಂದ ಪ್ರೈಮರ್ ಕೂರಿಸುವ ಉಪಕರಣ ಚೆನ್ನಾಗಿದೆ, ಕೂತದ್ದು ಬೆರಳಿಗೇ ತಿಳಿಯುತ್ತದೆ. ಪ್ರೈಮರ್ ಬುಡದ ಮಟ್ಟಕ್ಕಿಂತ ಕೂದಲೆಳೆಯಷ್ಟು ಒಳಗಿರಲಿ, ಉಬ್ಬಿರಬಾರದು. ಕನ್ನಡಕ ಹಾಕಿಕೊಳ್ಳಿ.

ಮದ್ದಿನ ಪ್ರಮಾಣ ತೋಟಾ ತುಂಬುವ ಮ್ಯಾನುಯಲ್‌ನಿಂದ ಮಾತ್ರ, ಅದರಲ್ಲಿ ಕೊಟ್ಟ ಆರಂಭದ ತೂಕದಿಂದಲೇ. ಮೇಜಿನ ಮೇಲೆ ಒಂದೇ ಮದ್ದಿನ ಡಬ್ಬ ಇರಲಿ. ಬುಲೆಟ್ ಕೂರಿಸುವ ಮುನ್ನ ಕೇಸ್ ನಿಲ್ಲಿಸುವ ಬ್ಲಾಕಿನಲ್ಲಿರುವ ಅಷ್ಟೂ ಕೇಸಿಗೆ ಟಾರ್ಚ್ ಬಿಟ್ಟು ಮಟ್ಟ ನೋಡಿ.

ರೈಫಲ್‌ಗೆ ಈ ಕಿಟ್ ಕಣ್ಣು ಮುಚ್ಚಿ ಕೊಳ್ಳಬಹುದು. ವಾರಕ್ಕೆ ನೂರಾರು 9 ಎಂಎಂ ತುಂಬುವವರಿಗೆ ಬೇಡ. ಪ್ರತಿ ಕೇಸನ್ನೂ ಮೂರ್ನಾಲ್ಕು ಸಲ ಪ್ರೆಸ್‌ಗೆ ಇಟ್ಟು ತೆಗೆಯಬೇಕು, ಅಂಥವರು ಹಲವು ಡೈಗಳನ್ನು ತಿರುಗಿಸಿ ಬಳಸುವ ಟರೆಟ್ ಪ್ರೆಸ್ ನೋಡಲಿ.