ಮರಳಿ ಬಂದಾಗ ತೆರೆಯುವ ದಾರಿ: ನಾಲ್ಕು ಮೆಟ್ರಾಯ್ಡ್‌ವೇನಿಯಾ ಆಟಗಳ ಹೋಲಿಕೆ

ಎರಡು ಗಂಟೆ ಹಿಂದೆ ಎಟುಕದೆ ಬಿಟ್ಟು ಬಂದ ಒಂದು ಜಾಗಕ್ಕೆ ಹೊಸ ಶಕ್ತಿ ಪಡೆದು ಮರಳುತ್ತೀರಿ. ಹೀಗೆ ಹೊಸ ಶಕ್ತಿಯಿಂದ ಹಳೆಯ ಜಾಗಗಳು ತೆರೆದುಕೊಳ್ಳುವ ವಿಡಿಯೋ ಆಟಗಳೇ ಮೆಟ್ರಾಯ್ಡ್‌ವೇನಿಯಾ. ಆಗ ಮನಸ್ಸು ಅರಳಿದರೆ ಆಟ ಗೆದ್ದಿದೆ. ಬಾಸ್ (ದಾರಿಗಡ್ಡ ನಿಲ್ಲುವ ಬಲಿಷ್ಠ ಶತ್ರು) ಎಷ್ಟು ದೊಡ್ಡದು, ಲೋಕ ಎಷ್ಟು ವಿಶಾಲ ಎನ್ನುವುದೆಲ್ಲ ಆಮೇಲಿನ ಮಾತು. ‘ಸೂಪರ್ ಮೆಟ್ರಾಯ್ಡ್’ (1994), ‘ಹಾಲೋ ನೈಟ್’ (2017), ‘ಮೆಟ್ರಾಯ್ಡ್ ಡ್ರೆಡ್’ (2021), ‘ಪ್ರಿನ್ಸ್ ಆಫ್ ಪರ್ಷಿಯಾ: ದಿ ಲಾಸ್ಟ್ ಕ್ರೌನ್’ (2024) ಈ ನಾಲ್ಕನ್ನೂ ಆಡಿ, ಇದೊಂದೇ ಅಳತೆಗೋಲಿನಿಂದ ಅಳೆದಿದ್ದೇವೆ.

ಮೊದಲು ಶಕ್ತಿಯ ವಿಷಯ. ಬರೀ ಬೀಗದ ಕೈಯಂತಿರುವ ಶಕ್ತಿ ಬೇಗ ಸಪ್ಪೆಯಾಗುತ್ತದೆ. ಸೂಪರ್ ಮೆಟ್ರಾಯ್ಡ್‌ನ ಕೆಂಪು ಬಾಗಿಲಿಗೆ ಐದು ಮಿಸೈಲ್ ಹೊಡೆದರೆ ತೆರೆಯುತ್ತದೆ, ಅಲ್ಲಿಗೆ ಆ ಕೆಲಸ ಮುಗಿಯಿತು. ಅದೇ ಆಟದ ಐಸ್ ಬೀಮ್ ಬೇರೆಯದೇ ಮಟ್ಟದ್ದು: ಶತ್ರುವನ್ನು ಹೆಪ್ಪುಗಟ್ಟಿಸಿದರೆ ಅದೇ ಮೆಟ್ಟಿಲು. ಅಲ್ಲಿಯವರೆಗೆ ಕಾಟ ಕೊಡುತ್ತಿದ್ದ ಪ್ರಾಣಿಯ ತಲೆಯ ಮೇಲೆ ನಿಂತು ಮೇಲಕ್ಕೆ ಹತ್ತುವಾಗ ಆ ಕೋಣೆಯೇ ಹೊಸದಾಗಿ ಕಾಣುತ್ತದೆ. ಹಾಲೋ ನೈಟ್‌ನ ಮ್ಯಾಂಟಿಸ್ ಕ್ಲಾ ಕೂಡ ಹೀಗೆಯೇ. ಗೋಡೆ ಹತ್ತಲು ಕೊಟ್ಟದ್ದು ಕಾದಾಟದಲ್ಲಿ ತಪ್ಪಿಸಿಕೊಳ್ಳುವುದಕ್ಕೂ ಒದಗಿಬರುತ್ತದೆ.

ಇನ್ನೂ ಒಂದು ಹೆಜ್ಜೆ ಮುಂದಿರುವುದು ಸೂಪರ್ ಮೆಟ್ರಾಯ್ಡ್‌ನ ವಾಲ್ ಜಂಪ್. ಅದನ್ನು ಎಲ್ಲಿಂದಲೂ ಹೆಕ್ಕಿಕೊಳ್ಳಬೇಕಿಲ್ಲ, ಮೊದಲ ನಿಮಿಷದಿಂದಲೇ ನಿಮ್ಮಲ್ಲಿದೆ. ಬ್ರಿನ್‌ಸ್ಟಾರ್ ಎಂಬ ಪ್ರದೇಶದ ಒಂದು ಕೊಳವೆಯಲ್ಲಿ ಎಟಿಕೂನ್ ಎಂಬ ಮೂರು ಪುಟ್ಟ ಪ್ರಾಣಿಗಳು ಗೋಡೆಯಿಂದ ಗೋಡೆಗೆ ನೆಗೆಯುತ್ತಾ ಮಾಡಿ ತೋರಿಸುತ್ತವೆ, ಒಂದಕ್ಷರದ ವಿವರಣೆಯೂ ಇಲ್ಲ. ತಿರುಗುವ ಜಂಪ್‌ನಲ್ಲಿ ಗೋಡೆ ಮುಟ್ಟಿ, ಗೋಡೆಯ ವಿರುದ್ಧ ದಿಕ್ಕಿನ ಬಟನ್ ಒತ್ತಿ, ನಾಯಕಿ ಸ್ಯಾಮಸ್‌ಳ ಭಂಗಿ ಬದಲಾದದ್ದು ಕಂಡ ಮೇಲೆ ಜಂಪ್ ಒತ್ತಬೇಕು. ದಿಕ್ಕು ಮೊದಲು, ಜಂಪ್ ಆಮೇಲೆ. ಹೆಚ್ಚಿನವರು ಎರಡನ್ನೂ ಒಟ್ಟಿಗೆ ಒತ್ತಿ ಕೆಳಗೆ ಬೀಳುತ್ತಾರೆ. ಒಮ್ಮೆ ಕೈಗೆ ಒಗ್ಗಿತೆಂದರೆ ಹಿಂದೆ ನೋಡಿದ ಎಷ್ಟೋ ಗೋಡೆಗಳು ಒಮ್ಮೆಲೇ ದಾರಿಗಳಾಗುತ್ತವೆ. ಇಲ್ಲಿ ಬೆಳೆದದ್ದು ಪಾತ್ರವಲ್ಲ, ಆಡುವವರ ಕೈ. ಈ ಒಂದು ವಿಷಯದಲ್ಲಿ ಮೂರೂ ಹೊಸ ಆಟಗಳು ಅದರ ಹಿಂದೆಯೇ.

ಆದರೆ ಜಂಪ್‌ನ ಹದದಲ್ಲಿ ಹಳೆಯ ಆಟ ಸೋಲುತ್ತದೆ. ಸ್ಯಾಮಸ್ ಗಾಳಿಯಲ್ಲಿ ತೇಲಿದಂತೆ ನಿಧಾನವಾಗಿ ಇಳಿಯುತ್ತಾಳೆ. ಹಾಲೋ ನೈಟ್‌ನಲ್ಲಿ ಬಟನ್ ಬಿಟ್ಟ ಕ್ಷಣಕ್ಕೆ ಏರಿಕೆ ನಿಲ್ಲುತ್ತದೆ, ದಿಕ್ಕು ಬಿಟ್ಟ ಕ್ಷಣಕ್ಕೆ ಓಟ ನಿಲ್ಲುತ್ತದೆ. ಹಾಗಾಗಿ ಮುಳ್ಳಿನ ಮೇಲೆ ಕೆಳಮುಖವಾಗಿ ಹೊಡೆದು ಪುಟಿಯುತ್ತಾ ದಾಟುವುದು ಅದೃಷ್ಟದ ಮಾತಾಗದೆ ಅಭ್ಯಾಸದ ಮಾತಾಗುತ್ತದೆ. ಡ್ರೆಡ್ ನಾಲ್ಕರಲ್ಲೂ ಚುರುಕು. ಅದರ ಓಟ ಮತ್ತು ಸ್ಲೈಡ್ ಎಲ್ಲೂ ತಡೆಯಿಲ್ಲದೆ ಒಂದಕ್ಕೊಂದು ಬೆಸೆದುಕೊಳ್ಳುತ್ತವೆ.

ಇನ್ನು ಮ್ಯಾಪ್. ಆಟಗಳು ಕೆಡುವುದು ಹೆಚ್ಚಾಗಿ ಇಲ್ಲೇ. ಮರಳುವ ಸಂತೋಷಕ್ಕೆ ನೆನಪು ಬೇಕು. ಮ್ಯಾಪ್ ನೆನಪಿಗೆ ಆಸರೆಯಾಗಬೇಕು, ಅದರ ಕೆಲಸವನ್ನೇ ಕಸಿದುಕೊಳ್ಳಬಾರದು. ಹಾಲೋ ನೈಟ್ ತುಂಬ ಬಿಗಿ: ಪ್ರತಿ ಪ್ರದೇಶದಲ್ಲೂ ಮ್ಯಾಪ್ ಮಾರುವ ಕಾರ್ನಿಫರ್‌ನನ್ನು ಹುಡುಕಿ ಮ್ಯಾಪ್ ಕೊಳ್ಳಬೇಕು, ಹೊಸ ಕೋಣೆಗಳು ಅದರಲ್ಲಿ ಮೂಡಲು ಕ್ವಿಲ್ (ಗರಿಯ ಲೇಖನಿ) ಬೇಕು, ಮೂಡುವುದೂ ಬೆಂಚಿನಲ್ಲಿ ಕೂತಾಗ ಮಾತ್ರ. ನೀವು ಎಲ್ಲಿದ್ದೀರಿ ಎಂದು ತೋರಿಸುವ ಕಂಪಾಸ್ ಕೂಡ ಒಂದು ಚಾರ್ಮ್ (ಧರಿಸುವ ತಾಯಿತ), ಚಾರ್ಮ್‌ಗಳಿಗೆಂದು ಇರುವ ಸೀಮಿತ ಜಾಗದಲ್ಲಿ ಒಂದು ನಾಚ್ ತಿನ್ನುತ್ತದೆ. ಹೊಸಬರು ಕ್ವಿಲ್ ಕೊಳ್ಳದೆ ಹೊರಟು, ಮ್ಯಾಪ್ ಯಾಕೆ ತುಂಬುತ್ತಿಲ್ಲ ಎಂದು ಕಂಗಾಲಾಗುತ್ತಾರೆ. ಮೊದಲು ಕೈಗೆ ಬಂದ ಜಿಯೋವನ್ನು (ಆ ಆಟದ ಹಣ) ಕ್ವಿಲ್‌ಗೇ ಹಾಕಿ. ಡ್ರೆಡ್ ಇದಕ್ಕೆ ತದ್ವಿರುದ್ಧ. ಒಂದು ಬಗೆಯ ಬಾಗಿಲನ್ನು ಆರಿಸಿದರೆ ಅದೇ ಬಗೆಯವೆಲ್ಲ ಮ್ಯಾಪ್‌ನಲ್ಲಿ ಎದ್ದು ಕಾಣುತ್ತವೆ, ಬಚ್ಚಿಟ್ಟ ವಸ್ತು ಇರುವ ಜಾಗವೂ ಮಿನುಗುತ್ತದೆ. ಸಮಯ ಉಳಿಯುತ್ತದೆ, ನಿಜ. ಆದರೆ ‘ಅಲ್ಲೊಂದು ಬಿರುಕು ನೋಡಿದ್ದೆನಲ್ಲಾ!’ ಎಂದು ತಟ್ಟನೆ ಹೊಳೆಯುವ ಖುಷಿ ಹೋಗಿಬಿಡುತ್ತದೆ. ಸಾಲದ್ದಕ್ಕೆ ಆಟ ಅಲ್ಲಲ್ಲಿ ನೀವು ಬಂದ ದಾರಿಯನ್ನೇ ಮುಚ್ಚಿ ಮುಂದಿನ ಗುರಿಯತ್ತ ತಳ್ಳುತ್ತದೆ. ದಾರಿ ತಪ್ಪುವ ಭಯ ಇಲ್ಲ, ಹುಡುಕಿದೆ ಎನ್ನುವ ಹೆಮ್ಮೆಯೂ ಅಷ್ಟಕ್ಕಷ್ಟೆ.

ಸತ್ತಾಗ ತೆರುವ ಬೆಲೆಯೂ ಸೇರಬೇಕು. ಹಾಲೋ ನೈಟ್‌ನಲ್ಲಿ ಇದ್ದ ಜಿಯೋ ಎಲ್ಲ ಸತ್ತ ಜಾಗದಲ್ಲಿ ನಿಮ್ಮದೇ ನೆರಳಿನ ಬಳಿ ಉಳಿಯುತ್ತದೆ, ಆ ನೆರಳನ್ನು ಸೋಲಿಸುವವರೆಗೆ ಗಾಯ ಮಾಯಿಸಲು ಬಳಸುವ ‘ಸೋಲ್’ (ಆತ್ಮಶಕ್ತಿ) ಪಾತ್ರೆಯೂ ಒಡಕು. ಅದಕ್ಕೂ ಮೊದಲು ಮತ್ತೆ ಸತ್ತರೆ ಜಿಯೋ ಹೋಯಿತೆಂದೇ ಲೆಕ್ಕ. ಗೊತ್ತಿಲ್ಲದ ಗುಹೆಗೆ ಇಳಿಯುವಾಗ ಇದರಿಂದ ಎದೆ ಡವಗುಟ್ಟುತ್ತದೆ, ಅದು ಒಳ್ಳೆಯದೇ. ಬಾಸ್ ಎದುರಿಗೆ ಮಾತ್ರ ಅದೇ ದಾರಿಯಲ್ಲಿ ಮತ್ತೆ ಮತ್ತೆ ಓಡುವುದು ಬರೀ ದಣಿವು. ಟ್ರೈಟರ್ ಲಾರ್ಡ್ ಎಂಬ ಬಾಸ್ ಹತ್ತಿರ ಹೋಗುವ ದಾರಿ ಇದಕ್ಕೆ ಸಾಕ್ಷಿ. ಡ್ರೆಡ್ ಬಾಸ್‌ನ ಬಾಗಿಲ ಹೊರಗೇ ಎಬ್ಬಿಸುತ್ತದೆ. ಬಾಸ್ ಎಷ್ಟೇ ಕಠಿಣವಾಗಿರಲಿ, ‘ಇನ್ನೊಂದು ಸಲ’ ಎನಿಸುವುದು ಅದಕ್ಕೇ.

ಮ್ಯಾಪ್ ವಿಷಯದಲ್ಲಿ ನಮ್ಮ ಮತ ಲಾಸ್ಟ್ ಕ್ರೌನ್‌ಗೆ. ದಾಟಲಾಗದ ಜಾಗದಲ್ಲಿ ನಿಂತು ಬಟನ್ ಒತ್ತಿದರೆ ಆ ದೃಶ್ಯದ ಫೋಟೋ ಮ್ಯಾಪ್‌ಗೆ ಅಂಟಿಕೊಳ್ಳುತ್ತದೆ. ಏನನ್ನು ನೆನಪಿಡಬೇಕು ಎನ್ನುವುದು ನಿಮ್ಮ ಆಯ್ಕೆ, ನೆನಪಿಡುವ ಹೊರೆ ಆಟದ್ದು. ಇದಕ್ಕೆ ಬಳಸುವ ಮೆಮೊರಿ ಶಾರ್ಡ್‌ಗಳ ಸಂಖ್ಯೆ ಸೀಮಿತ, ಹಾಗಾಗಿ ಕಂಡದ್ದಕ್ಕೆಲ್ಲ ಖರ್ಚು ಮಾಡಬೇಡಿ. ಫೋಟೋದಲ್ಲಿ ಪೆಟ್ಟಿಗೆಯಷ್ಟೇ ಬಿದ್ದರೆ ಆರು ಗಂಟೆಯ ಬಳಿಕ ಅದು ಏನನ್ನೂ ಹೇಳುವುದಿಲ್ಲ. ಎರಡು ಹೆಜ್ಜೆ ಹಿಂದೆ ಸರಿದು, ನಿಮ್ಮನ್ನು ತಡೆದ ಕಂದಕ, ಮುಳ್ಳು ಅಥವಾ ಎತ್ತರದ ಅಂಚು ಪೂರ್ತಿ ಕಾಣುವಂತೆ ತೆಗೆಯಿರಿ. ಮುಂದೆ ಯಾವ ಶಕ್ತಿ ಸಿಕ್ಕಾಗ ಅಲ್ಲಿಗೆ ಮರಳಬೇಕೆಂದು ಅದನ್ನು ನೋಡಿಯೇ ಗೊತ್ತಾಗುತ್ತದೆ.