ಮಿಷನ್ ಮುಗಿಸಿ ಬರುವ ಹುಡುಗರೇ, ದೆಹಲಿಯಿಂದ ಈಚೆಗೆ ನೀವು ಒಬ್ಬರೇ

ನಮ್ಮ ಬೀದಿಯ ಹುಡುಗನೊಬ್ಬ ಮೊನ್ನೆ ಮನೆಗೆ ಬಂದು, "ಅಣ್ಣಾ, ಯು.ಎನ್.ಗೆ ನನ್ನ ಹೆಸರು ಬಂದಿದೆ. ದಕ್ಷಿಣ ಸುಡಾನ್ ಅಂತೆ. ನೀವು ಹೋಗ್ಬಂದೋರಲ್ವಾ, ಏನೇನು ತಗೊಂಡು ಹೋಗ್ಲಿ?" ಅಂತ ಕೇಳಿದ. ಹುಡುಗ ಸೈನ್ಯದಲ್ಲಿದ್ದಾನೆ. ವಿಶ್ವಸಂಸ್ಥೆಯ ಶಾಂತಿಪಾಲನೆಗೆ ನಮ್ಮ ಸೈನ್ಯದಿಂದ ಹೊರದೇಶಕ್ಕೆ ಹೋಗುವುದನ್ನೇ ನಾವು ಮಿಷನ್ ಅನ್ನುವುದು. ಏನು ಒಯ್ಯಬೇಕು ಅನ್ನುವುದಕ್ಕೆ ಅವನ ಪಲ್ಟನ್ನಿನಲ್ಲೇ ಪಟ್ಟಿ ಕೊಡುತ್ತಾರೆ, ಅದಕ್ಕೆ ನಾನು ಬೇಕಾಗಿಲ್ಲ. ವಾಪಸ್ ಹೇಗೆ ಬರಬೇಕು ಅನ್ನುವುದನ್ನು ಮಾತ್ರ ಕೂರಿಸಿಕೊಂಡು ಎರಡು ಗಂಟೆ ಹೇಳಿದೆ. ಅವನು ಹೋದ ಮೇಲೆ, ಇಂಥ ಹುಡುಗರು ಇನ್ನೆಷ್ಟು ಜನ ಇದ್ದಾರೋ, ಅವರ ಮನೆಯವರು ಎಷ್ಟು ಜನ ಇದ್ದಾರೋ ಅನ್ನಿಸಿತು. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಹವಾಲ್ದಾರ್ ಆಗಿ ಪಿಂಚಣಿಗೆ ಬಂದವನು, ಮನೆ ಬೆಂಗಳೂರಿನ ಕಾಮಾಕ್ಷಿಪಾಳ್ಯದಲ್ಲಿ. 2017ರ ಜುಲೈನಿಂದ ಹದಿಮೂರು ತಿಂಗಳಿಗೂ ಮೇಲೆ ದಕ್ಷಿಣ ಸುಡಾನಿನ ಬೋರ್ ಪಟ್ಟಣದ ಕ್ಯಾಂಪಿನಲ್ಲಿದ್ದೆ. ಬಿಳಿ ನೈಲ್ ನದಿಯ ದಂಡೆ, ಜೊಂಗ್ಲೇ ರಾಜ್ಯ. 2013ರ ಏಪ್ರಿಲ್ 9ರಂದು ಅದೇ ರಾಜ್ಯದಲ್ಲಿ ಹೊಂಚುದಾಳಿ ನಡೆದು ನಮ್ಮ ಐವರು ಯೋಧರು ಹುತಾತ್ಮರಾದರು, ಅದೇ ಡಿಸೆಂಬರಿನಲ್ಲಿ ಅಕೋಬೋ ನೆಲೆಯ ಮೇಲೆ ದಾಳಿಯಾಗಿ ಇನ್ನಿಬ್ಬರು. ಹಾಗಾಗಿ ಅಲ್ಲಿ ಗೇಟು ದಾಟಿ ನೀರು ತರಲು ಹೋದರೂ ಬ್ರೀಫಿಂಗ್ ಇರುತ್ತಿತ್ತು. ಯಾವ ದಾರಿ, ಎಷ್ಟು ಗಾಡಿ, ರೇಡಿಯೋ ಯಾರ ಹತ್ತಿರ, ತಡವಾದರೆ ಯಾರಿಗೆ ಹೇಳಬೇಕು, ಎಲ್ಲವೂ. ಮನೆಗೆ ಹೊರಡುವ ದಿನ ಮಾತ್ರ ಯಾರೂ ಏನೂ ಹೇಳುವುದಿಲ್ಲ. ನಾವೂ ಕೇಳುವುದಿಲ್ಲ. ಊರಿಗೆ ತಾನೆ ಹೋಗೋದು, ಅದರಲ್ಲೇನಿದೆ ಅಂದುಕೊಂಡಿರುತ್ತೇವೆ.

ಮೊದಲ ಏಟು ಮಳೆಯದ್ದು. ಅಲ್ಲಿನ ನೆಲ ನಮ್ಮ ಧಾರವಾಡ, ಗದಗ ಕಡೆಯ ಎರೆ ಭೂಮಿ ಇದ್ದ ಹಾಗೆ. ಒಣಗಿದಾಗ ಕೈ ತೂರುವಷ್ಟು ಬಿರುಕು, ನೆನೆದರೆ ಬೂಟಿನ ಕೆಳಗೆ ಸೇರುಗಟ್ಟಲೆ ಅಂಟು. ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಇದೇ ಪಾಡು. ಬೋರ್‌ನ ವಿಮಾನದ ಪಟ್ಟಿ ಆಗ ಮಣ್ಣಿನದಾಗಿತ್ತು. ರಾಜಧಾನಿ ಜುಬಾ ಇನ್ನೂರು ಕಿಲೋಮೀಟರ್ ಅಷ್ಟೇ ಇದ್ದರೂ ಮಳೆಗಾಲದಲ್ಲಿ ಆ ರಸ್ತೆ ನಂಬುವ ಹಾಗಿರಲಿಲ್ಲ. ನಾವು ಆಗಸ್ಟ್ 22ಕ್ಕೆ ಹೊರಡಬೇಕಿತ್ತು. ಅದು 29 ಆಯಿತು. ಕೊನೆಗೆ ಹೆಲಿಕಾಪ್ಟರ್ ಸಿಕ್ಕಿ ಜುಬಾ ತಲುಪಿ, ಅಲ್ಲಿಂದ ದೆಹಲಿ ವಿಮಾನ ಹತ್ತಿದ್ದು ಸೆಪ್ಟೆಂಬರ್ 6ಕ್ಕೆ.

ಮಳೆಗೆ ಯಾರೇನು ಮಾಡಲಾಗುತ್ತದೆ? ನಾನು ಮಾಡಿದ ತಪ್ಪು, 22ನೇ ತಾರೀಖು ಅಂತ ಮನೆಗೆ ಹೇಳಿಬಿಟ್ಟಿದ್ದು. ಅಮ್ಮ ಆ ಧೈರ್ಯದ ಮೇಲೆ ಶ್ರಾವಣದಲ್ಲೇ ನನ್ನ ಮಗಳಿಗೆ ಕಿವಿ ಚುಚ್ಚಿಸುವ ದಿನ ಗೊತ್ತು ಮಾಡಿಸಿದರು. ಅರವತ್ತು ಜನಕ್ಕೆ ಅಡುಗೆಯವರಿಗೆ ಮುಂಗಡ ಕೊಟ್ಟಿದ್ದರು. ಒಂದು ಸಲ ದಿನ ಮುಂದೆ ಹಾಕಿದರು. ಎರಡನೇ ಸಲ ನಾನೇ ಫೋನಿನಲ್ಲಿ, "ನೀವು ಮುಗಿಸಿಬಿಡಿ ಅಮ್ಮ" ಅಂದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಯ್ತು ಕಣಪ್ಪ, ನೀನು ಹುಷಾರಾಗಿ ಬಾ" ಅಂದರು. ದೆಹಲಿಯ ನೆಲ ಮುಟ್ಟುವವರೆಗೆ ಮನೆಗೆ ತಾರೀಖು ಹೇಳಬೇಡಿ. "ಈ ತಿಂಗಳು ಇಲ್ಲ ಮುಂದಿನ ತಿಂಗಳು" ಅನ್ನಿ ಸಾಕು. ಮನೆಯವರೂ ಪೀಡಿಸಿ ಕೇಳಬೇಡಿ.

ಜುಬಾದಲ್ಲಿ ವಿಮಾನ ಹತ್ತುವ ಮುಂಚೆ ಟ್ರಂಕುಗಳನ್ನು ಸರಕಿನ ಹೊಟ್ಟೆಗೆ ಹಾಕಿದರು. ನನ್ನ ಹಳದಿ ಜ್ವರದ ಲಸಿಕೆ ಕಾರ್ಡು ಆ ಟ್ರಂಕಿನಲ್ಲಿತ್ತು. ಹೋದ ಮೇಲೆ ಅದನ್ನು ಬೋರ್‌ನಲ್ಲಿ ಯಾರೂ ಎರಡನೇ ಸಲ ಕೇಳಿರಲಿಲ್ಲ, ಅದಕ್ಕೇ ಬ್ಯಾಂಕಿನ ಪಾಸ್‌ಬುಕ್ಕಿನೊಳಗೆ ಇಟ್ಟು, ಪಾಸ್‌ಬುಕ್ಕನ್ನು ಸ್ವೆಟರಿನ ಮಡಿಕೆಯಲ್ಲಿ ಇಟ್ಟು, ಮೇಲೆ ಹದಿಮೂರು ತಿಂಗಳ ಸಾಮಾನು ಪೇರಿಸಿದ್ದೆ.

ದೆಹಲಿಯಲ್ಲಿ ಇಳಿದವರಿಗೆ ಮೊದಲು ಕೇಳುವುದೇ ಅದು. ಆಫ್ರಿಕಾದ ಆ ಭಾಗದಿಂದ ಬಂದವರ ಹತ್ತಿರ ಸರಿಯಾದ ಕಾರ್ಡು ಇಲ್ಲದಿದ್ದರೆ ಆರು ದಿನ ಬೇರೆ ಇಡಬಹುದು. ಆರು ದಿನ ಯಾಕೆಂದರೆ ಸೋಂಕು ತಗುಲಿದ್ದರೆ ಅಷ್ಟರೊಳಗೆ ಜ್ವರ ಕಾಣಿಸಿಕೊಳ್ಳುತ್ತದೆ. ಇಷ್ಟು ಬಿಗಿ ಯಾಕೆ ಅಂತ ಅಲ್ಲಿದ್ದ ಡಾಕ್ಟರನ್ನೇ ಕೇಳಿದೆ. ಹಳದಿ ಜ್ವರ ನಮ್ಮ ದೇಶದಲ್ಲಿ ಇಲ್ಲ, ಆದರೆ ಅದನ್ನು ಹರಡುವ ಸೊಳ್ಳೆ ನಮ್ಮಲ್ಲಿ ಬೇಕಾದಷ್ಟಿದೆ, ಡೆಂಗ್ಯೂ ಹರಡುವುದೂ ಅದೇ ಸೊಳ್ಳೆ. ಒಬ್ಬ ರೋಗಿ ಒಳಗೆ ಬಂದರೆ ಸಾಕು. ಅವರು ಹೇಳಿದ್ದು ನ್ಯಾಯವೇ, ಅವರ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ಜೊತೆಯವರೆಲ್ಲ ಕಾರ್ಡು ತೋರಿಸಿ ಹೋದರು. ಟ್ರಂಕು ಇಳಿದು ಬರುವವರೆಗೆ ಐದು ಗಂಟೆ ಗೋಡೆಗೆ ಒರಗಿ ನಿಂತೆ. ಆಮೇಲೆ ಅಧಿಕಾರಿಯೊಬ್ಬರ ಎದುರು ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂತು ಬೀಗ ತೆಗೆದೆ. ಬನಿಯನ್ನು, ಬೂಟು, ಮಗಳಿಗೆ ತಂದ ಮಣಿಸರ ಎಲ್ಲವನ್ನೂ ಒಂದೊಂದಾಗಿ ಹೊರಗಿಟ್ಟೆ. ಕೊನೆಗೆ ಸ್ವೆಟರ್ ಕೊಡವಿದಾಗ ಪಾಸ್‌ಬುಕ್ಕು ಬಿತ್ತು.

ಆ ಕಾರ್ಡು ಒಂದು ಸಲ ಮಾಡಿಸಿದರೆ ಜೀವಮಾನಕ್ಕೆ ನಡೆಯುತ್ತದೆ, 2016ರ ಜುಲೈ 11ರಿಂದ ಜಗತ್ತಿಗೆಲ್ಲ ಅದೇ ನಿಯಮ. ಆದರೆ ಲಸಿಕೆ ಹಾಕಿಸಿದ ಹತ್ತು ದಿನದ ಮೇಲೆಯೇ ಅದಕ್ಕೆ ಬೆಲೆ ಬರುವುದು. ಕಳೆದುಕೊಂಡು, ಹೊರಡುವ ಹಿಂದಿನ ದಿನ ಮತ್ತೆ ಚುಚ್ಚಿಸಿಕೊಂಡರೆ ಉಪಯೋಗವಿಲ್ಲ. ಪಾಸ್‌ಪೋರ್ಟಿನ ಕವರಿನಲ್ಲೇ ಇಟ್ಟುಕೊಳ್ಳಿ, ಹೊರಡುವ ದಿನ ಅಂಗಿ ಜೇಬಿನಲ್ಲಿ ಇರಲಿ.

ಇಷ್ಟಾದರೂ ನನ್ನ ಸುತ್ತ ಜನ ಇದ್ದರು. ನಿಜವಾದ ಕಷ್ಟ ಶುರುವಾಗಿದ್ದು ಸಾಮಾನು ಜಮಾ ಮಾಡಿ, ರಜೆ ಚೀಟಿಯನ್ನೂ ಸೈನ್ಯದ ಖರ್ಚಿನಲ್ಲಿ ಟಿಕೆಟ್ ಕೊಡಿಸುವ ರೈಲು ವಾರಂಟನ್ನೂ ಕೈಗೆ ತಗೊಂಡ ಮೇಲೆ. ಬೇರೆ ಬೇರೆ ಯೂನಿಟ್ಟುಗಳಿಂದ ಹೋದವರು ನಾವು, ದೆಹಲಿಯಲ್ಲೇ ಚದುರಿಹೋದೆವು. ಅಲ್ಲಿಯವರೆಗೆ ಊಟ, ಗಾಡಿ, ಮಲಗುವ ಜಾಗ ಎಲ್ಲ ಬೇರೆಯವರ ಜವಾಬ್ದಾರಿ. ಅಲ್ಲಿಂದ ಮುಂದೆ ಎಲ್ಲ ನಮ್ಮದೇ. ಮತ್ತೆ ನಾವು ಒಂದು ವರ್ಷ ಊರಿನ ವ್ಯವಹಾರವನ್ನೇ ಮರೆತಿರುತ್ತೇವೆ.

ಟ್ರಾನ್ಸಿಟ್ ಕ್ಯಾಂಪಿನಲ್ಲಿ ಹಳೇ ಸಿಮ್ ಫೋನಿಗೆ ಹಾಕಿದೆ. ಟವರ್ ಬರಲಿಲ್ಲ. ತೆಗೆದು ಒರೆಸಿ ಹಾಕಿದೆ, ಬರಲಿಲ್ಲ. ಪಕ್ಕದ ಮಂಚದವನ ಫೋನಿನಿಂದ ನನ್ನದೇ ನಂಬರಿಗೆ ಕರೆ ಮಾಡಿದೆ. ರಿಂಗಾಯಿತು. ಒಬ್ಬ ಹೆಣ್ಣುಮಗಳು ಎತ್ತಿದಳು. "ಯಾರು ಬೇಕಾಗಿತ್ತು?" ಅಂದಳು. ಕನ್ನಡ. ಚಿತ್ರದುರ್ಗದ ಹತ್ತಿರದ ಹಳ್ಳಿಯಂತೆ. ಈ ನಂಬರ್ ನಂದು ಕಣಮ್ಮ ಅಂದರೆ, "ಅಣ್ಣಾ, ನಾಲ್ಕು ತಿಂಗಳಾಯ್ತು ನಾನು ಈ ಸಿಮ್ ತಗೊಂಡು. ನಿಮ್ಮ ಬ್ಯಾಂಕಿನ ಮೆಸೇಜೆಲ್ಲ ನನಗೇ ಬರ್ತಾವೆ. ಯಾರದೋ ಏನೋ ಅಂತ ಡಿಲೀಟ್ ಮಾಡ್ತಿದ್ದೆ" ಅಂದಳು. ನನ್ನ ಕೈ ತಣ್ಣಗಾಯಿತು. ಆಕೆ ಒಳ್ಳೆಯವಳು. ಆ ನಂಬರು ಇನ್ಯಾರಿಗಾದರೂ ಸಿಕ್ಕಿದ್ದರೆ ಏನಾಗುತ್ತಿತ್ತೋ, ಈಗಲೂ ನೆನೆದರೆ ಎದೆ ಝಲ್ಲೆನ್ನುತ್ತದೆ.

ತೊಂಬತ್ತು ದಿನ ಒಂದು ಪ್ರಿಪೇಯ್ಡ್ ಸಿಮ್ ಬಳಸದೆ, ಅದರಲ್ಲಿ ದುಡ್ಡೂ ಇಲ್ಲದಿದ್ದರೆ ಕಂಪನಿಯವರು ನಂಬರು ನಿಲ್ಲಿಸಬಹುದು, ಆಮೇಲೆ ಬೇರೆಯವರಿಗೆ ಕೊಡಬಹುದು. ನಾನು ಬೋರ್‌ನಲ್ಲಿ ಅಲ್ಲಿನ ಸಿಮ್ ಹಾಕಿಕೊಂಡು, ಇದನ್ನು ಪರ್ಸಿನಲ್ಲಿ ಜೋಪಾನವಾಗಿ ಇಟ್ಟುಕೊಂಡಿದ್ದೆ. ಸತ್ತ ಸಿಮ್ಮನ್ನು ಜೋಪಾನ ಮಾಡುತ್ತಿದ್ದೇನೆ ಅಂತ ಗೊತ್ತಿರಲಿಲ್ಲ. ಎಟಿಎಂ ಕಾರ್ಡ್ ನೋಡಿದರೆ ಅವಧಿ ಜುಲೈಗೇ ಮುಗಿದಿತ್ತು. ಹೊಸ ಕಾರ್ಡು ಅಂಚೆಯಲ್ಲಿ ಮನೆಗೆ ಬಂದು ಶೋಕೇಸಿನಲ್ಲಿ ಕೂತಿತ್ತು. ಬ್ಯಾಂಕಿನ ಅಲ್ಲಿನ ಶಾಖೆಗೆ ಹೋದರೆ, ನಂಬರ್ ಬದಲಾಯಿಸಲು ಒಟಿಪಿ ಬೇಕು, ಇಲ್ಲ ಅಂದರೆ ನಿಮ್ಮ ಬೆಂಗಳೂರಿನ ಶಾಖೆಗೇ ಹೋಗಿ ಅಂದರು. ಒಂದು ವರ್ಷದ ಸಂಬಳ ಖಾತೆಯಲ್ಲಿದ್ದೂ ಕೈಯಲ್ಲಿ ಒಂದು ರೂಪಾಯಿ ಇರಲಿಲ್ಲ. ಜೇಬಿನಲ್ಲಿ ನೂರು ಡಾಲರಿನ ಒಂದು ನೋಟಿತ್ತು. ರೈಲು ನಿಲ್ದಾಣದ ಹತ್ತಿರದ ಅಂಗಡಿಯವನು ಅದಕ್ಕೆ 6,400 ಕೊಟ್ಟ, ಆಗ ಡಾಲರಿಗೆ ಎಪ್ಪತ್ತರ ಮೇಲಿತ್ತು. ಚೌಕಾಸಿ ಮಾಡುವ ತ್ರಾಣ ಇರಲಿಲ್ಲ.

ಹೊರಡುವ ಮುಂಚೆ ಹಳೇ ಸಿಮ್ಮನ್ನು ಮನೆಯಲ್ಲಿ ಒಂದು ಸಾದಾ ಫೋನಿಗೆ ಹಾಕಿಟ್ಟು ಹೋಗಿ. ಹೆಂಡತಿಯೋ ಅಮ್ಮನೋ ತಿಂಗಳಿಗೊಮ್ಮೆ ರೀಚಾರ್ಜ್ ಮಾಡಿಸಿ ಅದರಿಂದ ಒಂದು ಕರೆ ಮಾಡಲಿ. ಕಾರ್ಡಿನ ಮೇಲಿನ ತಿಂಗಳು, ವರ್ಷ ನೋಡಿಕೊಂಡು, ಮಧ್ಯೆ ಮುಗಿಯುವ ಹಾಗಿದ್ದರೆ ಮೊದಲೇ ಹೊಸದು ಮಾಡಿಸಿಕೊಳ್ಳಿ. ಭಾರತದ ದುಡ್ಡು ಹತ್ತು ಸಾವಿರವಾದರೂ ಟ್ರಂಕಿನಲ್ಲಿ ಅಲ್ಲ, ಕೈಚೀಲದಲ್ಲಿ ಇರಲಿ.

ರೈಲಿನ ವಿಷಯ. ಗೌರಿ ಗಣೇಶ ಹಬ್ಬ ಆ ವರ್ಷ ಸೆಪ್ಟೆಂಬರ್ 12, 13ಕ್ಕೆ. ಬೆಂಗಳೂರಿಗೆ ಬರುವ ಗಾಡಿಗಳೆಲ್ಲ ತುಂಬಿದ್ದವು. ಸೈನಿಕರ ರೈಲು ಪ್ರಯಾಣ ನೋಡಿಕೊಳ್ಳುವ ಎಂಸಿಓ ಆಫೀಸಿನಲ್ಲಿ, "ನಾಳೆ ಬೆಳಿಗ್ಗೆ ಬನ್ನಿ, ಮಿಲಿಟರಿ ಕೋಟಾದಲ್ಲಿ ನೋಡೋಣ" ಅಂದರು. ಒಂದು ರಾತ್ರಿ ಕಾದಿದ್ದರೆ ಆಗುತ್ತಿತ್ತು. ನನಗೆ ತಾಳ್ಮೆ ಸತ್ತುಹೋಗಿತ್ತು. ಹೊರಗೆ ಬಂದಾಗ ಒಬ್ಬ ಏಜೆಂಟ್, "ಫೌಜಿ ಭಾಯಿ, ಕರ್ನಾಟಕ ಎಕ್ಸ್‌ಪ್ರೆಸ್, ಇವತ್ತೇ, ಕನ್ಫರ್ಮ್" ಅಂದ. 4,000 ರೂಪಾಯಿ ಕೊಟ್ಟೆ. ವಾರಂಟು ಜೇಬಿನಲ್ಲೇ ಉಳಿಯಿತು. ಟಿಕೆಟ್ಟಿನಲ್ಲಿ ಬೇರೆ ಯಾರದೋ ಹೆಸರಿತ್ತು. "ಯಾರೂ ಕೇಳಲ್ಲ" ಅಂದಿದ್ದ. ಆಗ್ರಾ ಬರುವುದರೊಳಗೆ ಟಿಟಿಇ ಕೇಳಿದರು. ಮತ್ತೊಬ್ಬರ ಹೆಸರಿನ ಟಿಕೆಟ್ಟಿನಲ್ಲಿ ಹೋಗುವುದು ಕಾನೂನು ಪ್ರಕಾರ ತಪ್ಪು. ನನ್ನ ಗುರುತಿನ ಚೀಟಿ ನೋಡಿ ಅವರು ಇಳಿಸಲಿಲ್ಲ, ದಂಡ ಹಾಕಿ ಸೀಟು ಬಿಡಿಸಿದರು. ಬಾಗಿಲ ಹತ್ತಿರ ಟ್ರಂಕಿನ ಮೇಲೆ ಕೂತೆ. ಝಾನ್ಸಿ, ಭೋಪಾಲ್, ಭುಸಾವಳ್, ಸೊಲ್ಲಾಪುರ. ಎರಡನೇ ಅಪರಾತ್ರಿ ಕಲಬುರಗಿಯಲ್ಲಿ "ಚಾ ಬೇಕೇನ್ರೀ, ಚಾ" ಅಂತ ಕೂಗು ಕೇಳಿದಾಗ ಕಣ್ಣು ತುಂಬಿ ಬಂತು. ಹತ್ತು ರೂಪಾಯಿ ಕೊಟ್ಟು ಎರಡು ಕುಡಿದೆ. ಮೂರನೇ ದಿನ ಮಧ್ಯಾಹ್ನ ಮೆಜೆಸ್ಟಿಕ್.

ಇಲ್ಲಿಗೆ ಮುಗಿಯಿತು ಅಂದುಕೊಂಡೆ. ಈಗ ಹೇಳುವುದನ್ನು ದಯವಿಟ್ಟು ಮನೆಯವರೂ ಓದಿ.

ಮನೆಗೆ ಬಂದ ಹನ್ನೆರಡನೇ ದಿನ ಜ್ವರ ಬಂತು. ಊರಲ್ಲೆಲ್ಲ ಡೆಂಗ್ಯೂ ಕಾಲ. ಹತ್ತಿರದ ಕ್ಲಿನಿಕ್ಕಿನಲ್ಲಿ ಪ್ಯಾರಾಸಿಟಮಾಲ್ ಕೊಟ್ಟು ಡೆಂಗ್ಯೂ ಪರೀಕ್ಷೆಗೆ ಬರೆದರು. ಡೆಂಗ್ಯೂ ಇಲ್ಲ ಅಂತ ಬಂತು, ಪ್ಲೇಟ್ಲೆಟ್ ಮಾತ್ರ ಕಡಿಮೆ ಇತ್ತು. ಅಮ್ಮ ಪಕ್ಕದ ಮನೆಯವರ ಹಿತ್ತಲಿನಿಂದ ಪಪ್ಪಾಯಿ ಎಲೆ ತಂದು ಅರೆದು ರಸ ಕುಡಿಸಿದರು. ಮೂರನೇ ದಿನ ಮೂರು ಕಂಬಳಿ ಹೊದಿಸಿದರೂ ಮಂಚ ಅಲುಗುವಷ್ಟು ನಡುಕ. ಮಾತು ತೊದಲತೊಡಗಿತು. ನನ್ನಾಕೆ ಆಟೋ ಹಿಡಿದು ಹಳೇ ಏರ್‌ಪೋರ್ಟ್ ರಸ್ತೆಯ ಕಮಾಂಡ್ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಅಲ್ಲಿನ ಡಾಕ್ಟರ್ ಕೇಳಿದ ಮೊದಲ ಪ್ರಶ್ನೆಯೇ, "ಎಲ್ಲಿಂದ ಬಂದಿದ್ದೀರಿ?" ಆಫ್ರಿಕಾ ಅಂದ ತಕ್ಷಣ ರಕ್ತ ತೆಗೆದರು. ಫಾಲ್ಸಿಪೇರಮ್ ಮಲೇರಿಯಾ, ಮೆದುಳಿಗೆ ಏರುವಂಥದ್ದು. ಅವತ್ತೇ ಆರ್ಟಿಸುನೇಟ್ ಇಂಜೆಕ್ಷನ್ ಶುರು ಮಾಡಿದರು.

ಕ್ಲಿನಿಕ್ಕಿನವರು ಎಲ್ಲಿಗೆ ಹೋಗಿದ್ದಿರಿ ಅಂತ ಕೇಳಲಿಲ್ಲ, ಅದು ನಿಜ. ನಾನೂ ಹೇಳಲಿಲ್ಲ. ಅದಕ್ಕಿಂತ ದೊಡ್ಡ ತಪ್ಪು, ವಾರಕ್ಕೊಂದು ನುಂಗಬೇಕಿದ್ದ ಮಲೇರಿಯಾ ತಡೆಯುವ ಮಾತ್ರೆಯನ್ನು ಜುಬಾದಲ್ಲೇ ನಿಲ್ಲಿಸಿಬಿಟ್ಟಿದ್ದೆ. ಆ ಮಾತ್ರೆಯನ್ನು ಊರಿಗೆ ಬಂದ ಮೇಲೂ ನಾಲ್ಕು ವಾರ ನುಂಗಬೇಕು. ಸೊಳ್ಳೆ ಅಲ್ಲಿ ಕಚ್ಚಿರುತ್ತದೆ, ರೋಗ ವಾರಗಟ್ಟಲೆ ಮೈಯೊಳಗೆ ಸುಮ್ಮನಿದ್ದು ಇಲ್ಲಿ ಏಳುತ್ತದೆ. ಉಳಿದ ನಾಲ್ಕು ಮಾತ್ರೆ ನನ್ನ ಟ್ರಂಕಿನ ಮೂಲೆಯಲ್ಲೇ ಇದ್ದವು. ಆಸ್ಪತ್ರೆಯಿಂದ ಬಂದ ಮೇಲೆ ನನ್ನಾಕೆ ಅವನ್ನು ಅಂಗೈಯಲ್ಲಿ ಹಿಡಿದು ತೋರಿಸಿದಳು. "ಇಷ್ಟೇ ಇತ್ತಲ್ರೀ" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಬಂದು ಒಂದೆರಡು ತಿಂಗಳೊಳಗೆ ಸಣ್ಣ ಜ್ವರ ಬಂದರೂ ಡಾಕ್ಟರಿಗೆ ಮೊದಲ ಮಾತಿನಲ್ಲೇ ಹೇಳಿ: ಆಫ್ರಿಕಾದಿಂದ ಬಂದಿದ್ದೇನೆ, ಮಲೇರಿಯಾಗೆ ರಕ್ತ ನೋಡಿ. ನಿಮಗೆ ಹೇಳಲು ಆಗದ ಸ್ಥಿತಿ ಬಂದರೆ ಹೇಳುವುದಕ್ಕೆ ಮನೆಯವರಿಗೆ ಗೊತ್ತಿರಬೇಕು.

ಆ ಹುಡುಗ ಬರುವ ತಿಂಗಳು ಹೊರಡುತ್ತಾನೆ. ನಿನ್ನೆ ಅವನ ಮನೆಗೆ ಹೋಗಿದ್ದೆ. ಅವನ ತಾಯಿ ಗೋಡೆಯ ಕ್ಯಾಲೆಂಡರ್ ತಂದು ಮುಂದಿಟ್ಟು, "ನೀವೇ ಬರೆದುಕೊಡಿ, ನನಗೆ ನೆನಪಿರಲ್ಲ" ಅಂದರು. ಪ್ರತಿ ತಿಂಗಳ ಐದನೇ ತಾರೀಖಿನ ಚೌಕದಲ್ಲಿ "ರೀಚಾರ್ಜ್" ಅಂತ ಬರೆದೆ. ಅವನು ಬರುವ ತಿಂಗಳು ಯಾವುದೋ ಗೊತ್ತಿಲ್ಲದ್ದರಿಂದ, "ಮಾತ್ರೆ, ನಾಲ್ಕು ವಾರ" ಅಂತ ಕೊನೇ ಹಾಳೆಯ ಹಿಂಭಾಗದಲ್ಲಿ ದೊಡ್ಡದಾಗಿ ಬರೆದು ಕೊಟ್ಟು ಬಂದೆ.