ಹೈ ಸ್ಕೋರ್: ಹಳೆಯ ಗೇಮ್‌ಗಳ ಸಂಗ್ರಹಕಾರನೊಬ್ಬ ಮತ್ತೆ ಮತ್ತೆ ನೋಡಿದ ಸರಣಿ

2020ರ ಆಗಸ್ಟ್‌ನಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಂದ, ವಿಡಿಯೊ ಗೇಮ್‌ಗಳ ಇತಿಹಾಸ ಹೇಳುವ ‘ಹೈ ಸ್ಕೋರ್’ ಸಾಕ್ಷ್ಯಚಿತ್ರ ಸರಣಿಯ ಆರೂ ಕಂತುಗಳನ್ನು ನಾನು ಈವರೆಗೆ ನಾಲ್ಕು ಸಲ ನೋಡಿದ್ದೇನೆ. ಬಿಡುಗಡೆಯಾದ ಹೊಸದರಲ್ಲೇ ಬರೆದಿದ್ದರೆ ಈ ವಿಮರ್ಶೆ ಬೇರೆಯೇ ಆಗಿರುತ್ತಿತ್ತು. ಆಗ ನನ್ನ ಗಮನವೆಲ್ಲ ಪರದೆಯ ಮೇಲೆ ಯಾವ ಕನ್ಸೋಲ್ (ಟಿವಿಗೆ ಜೋಡಿಸಿ ಆಡುವ ಯಂತ್ರ), ಯಾವ ಕಾರ್ಟ್ರಿಜ್ (ಅದಕ್ಕೆ ಸಿಕ್ಕಿಸುವ ಆಟದ ಡಬ್ಬಿ) ಕಾಣಿಸುತ್ತದೆ, ಅವುಗಳಲ್ಲಿ ನನ್ನ ಕಪಾಟಿನಲ್ಲಿ ಇಲ್ಲದಿರುವುದು ಯಾವುದು ಎಂಬುದರ ಮೇಲಿತ್ತು. ಈ ಸರಣಿ ಸಂಗ್ರಹಕಾರರಿಗೆಂದೇ ಮಾಡಿದ್ದಲ್ಲ. ಅಪರೂಪದ ಪ್ರತಿಗಳ ಹುಡುಕಾಟವಾಗಲಿ, ಬೆಲೆಯ ಚೌಕಾಸಿಯಾಗಲಿ ಇದರಲ್ಲಿಲ್ಲ. ಆದರೂ ಕೂಡಿಟ್ಟ ವಸ್ತುವನ್ನು ಹೇಗೆ ನೋಡಬೇಕೆಂದು ನನಗೆ ಕಲಿಸಿದ್ದು ಇದೇ.

ಮೊದಲ ಕಂತಿನಲ್ಲಿ ಎಂಜಿನಿಯರ್ ಜೆರ್ರಿ ಲಾಸನ್ ಅವರ ಬಗ್ಗೆ ಅವರ ಮಕ್ಕಳು ಮಾತನಾಡುವ ಭಾಗವನ್ನು ನಾನು ಬಿಡಿಯಾಗಿಯೂ ಹಲವು ಬಾರಿ ನೋಡಿದ್ದೇನೆ. 1976ರ ಫೇರ್‌ಚೈಲ್ಡ್ ಚಾನೆಲ್ ಎಫ್ ಎಂಬ ಕನ್ಸೋಲ್ ಬರುವ ಮುನ್ನ ಮನೆಯಲ್ಲಿ ಆಡುವ ಯಂತ್ರಗಳ ಆಟಗಳು ಅವುಗಳ ಸರ್ಕ್ಯೂಟಿನಲ್ಲೇ ಅಡಕವಾಗಿರುತ್ತಿದ್ದವು. ಕೊಂಡ ಯಂತ್ರದಲ್ಲಿ ಏನಿತ್ತೋ ಅಷ್ಟೇ ದಕ್ಕುತ್ತಿತ್ತು. ಆಟವನ್ನು ಚಿಪ್‌ನಲ್ಲಿ ಬರೆದು, ಚಿಪ್ಪನ್ನು ಪ್ಲಾಸ್ಟಿಕ್ ಕವಚದೊಳಗಿಟ್ಟು, ಜನಸಾಮಾನ್ಯರು ಎಷ್ಟು ಸಲ ಸಿಕ್ಕಿಸಿ ತೆಗೆದರೂ ಕೆಡದಂತೆ ರೂಪಿಸುವ ಕೆಲಸದ ಮುಂದಾಳತ್ವ ಲಾಸನ್ ಅವರದು. ನಾವು ಸಂಗ್ರಹಿಸುವ ‘ಕಾರ್ಟ್ರಿಜ್’ ಎಂಬ ವಸ್ತು ಹುಟ್ಟಿದ್ದೇ ಅಲ್ಲಿ. ಮರುವರ್ಷ ಅಟಾರಿ ಕಂಪನಿ ತಂದ ಅಟಾರಿ 2600 ಕನ್ಸೋಲ್‌ನ ಅಬ್ಬರದಲ್ಲಿ ಚಾನೆಲ್ ಎಫ್ ಮಂಕಾಯಿತು, ಲಾಸನ್ ಅವರ ಹೆಸರೂ ಬಹುಕಾಲ ಮರೆಯಾಗಿತ್ತು. 2011ರಲ್ಲಿ ತೀರಿಕೊಂಡ ಅವರನ್ನು ಮಕ್ಕಳ ನೆನಪಿನ ಮೂಲಕ ಕಂಡ ಮೇಲೆ, ಹಳೆಯ ಕಾರ್ಟ್ರಿಜ್‌ನ ಲೋಹದ ಅಂಚನ್ನು ಆಲ್ಕೊಹಾಲ್‌ನಲ್ಲಿ ಅದ್ದಿದ ಹತ್ತಿಯಿಂದ ಒರೆಸುವಾಗಲೆಲ್ಲ, ಇದನ್ನು ರೂಪಿಸಲು ದುಡಿದ ಒಬ್ಬ ಮನುಷ್ಯನಿದ್ದ ಎಂಬ ಅರಿವು ನನ್ನ ಜೊತೆಗಿರುತ್ತದೆ.

ಅದೇ ಕಂತಿನಲ್ಲಿ ಅಟಾರಿಯ ಆಟ ರಚನಕಾರ ಹೋವರ್ಡ್ ಸ್ಕಾಟ್ ವಾರ್ಷಾ, ಅದೇ ಹೆಸರಿನ ಸಿನಿಮಾ ಆಧರಿಸಿದ ತಮ್ಮ ‘ಇ.ಟಿ.’ ಆಟದ ಬಗ್ಗೆ ಮಾತನಾಡುತ್ತಾರೆ. 1982ರ ಕ್ರಿಸ್‌ಮಸ್ ಮಾರಾಟಕ್ಕೆ ಸಿದ್ಧವಾಗಬೇಕಿದ್ದ ಆ ಆಟಕ್ಕೆ ಅವರಿಗೆ ಸಿಕ್ಕಿದ್ದು ಐದು ವಾರ ಮಾತ್ರ. ಮಾರುಕಟ್ಟೆಯಲ್ಲಿ ಅದು ಸೋತಿತು. ಅಮೆರಿಕದ ನ್ಯೂ ಮೆಕ್ಸಿಕೊದ ಅಲಮಗಾರ್ಡೊದಲ್ಲಿ ಅಟಾರಿ ಹೂತುಹಾಕಿದ್ದ ಕಾರ್ಟ್ರಿಜ್‌ಗಳನ್ನು 2014ರಲ್ಲಿ ಅಗೆದು ತೆಗೆದಾಗ ಅವುಗಳ ನಡುವೆ ‘ಇ.ಟಿ.’ ಸಿಕ್ಕಿದ್ದನ್ನು ಬಲ್ಲ ಸಂಗ್ರಹಕಾರರು ಅದನ್ನು ವಿಪತ್ತಿನ ಕುರುಹೆಂದೇ ಇಟ್ಟುಕೊಳ್ಳುತ್ತಾರೆ. ನಾನೂ ಹಾಗೆಯೇ ಇಟ್ಟುಕೊಂಡಿದ್ದೆ. ವಾರ್ಷಾ ಅವರ ಮಾತು ಕೇಳಿದ ಮೇಲೆ ಅದನ್ನು ಐದು ವಾರಗಳ ಕಠಿಣ ದುಡಿಮೆಯ ಫಲವೆಂದು ನೋಡುತ್ತೇನೆ.

ನಾಲ್ಕನೆಯ ಮತ್ತು ಐದನೆಯ ಕಂತುಗಳು ನನ್ನನ್ನು ಅಷ್ಟಾಗಿ ಹಿಡಿದಿಡಲಿಲ್ಲ. ಸೆಗಾ ಮತ್ತು ನಿಂಟೆಂಡೊ ಎಂಬ ಗೇಮ್ ಕಂಪನಿಗಳ ನಡುವಿನ ಪೈಪೋಟಿಯ ಕಥೆ ಬಲ್ಲವರಿಗೆ ಹೊಸದೇನಲ್ಲ, ಅದನ್ನು ಹೇಳುವ ಅವಸರವೂ ಹೆಚ್ಚಾಯಿತು. ಆರನೆಯ ಕಂತಿನಲ್ಲಿ ‘ಸ್ಟಾರ್ ಫಾಕ್ಸ್’ ಆಟದ ಭಾಗ ಮಾತ್ರ ಚೆನ್ನಾಗಿದೆ: ಕನ್ಸೋಲ್‌ಗೆ ಇಲ್ಲದ ಶಕ್ತಿಯನ್ನು ಸೂಪರ್ ಎಫ್‌ಎಕ್ಸ್ ಚಿಪ್ಪಿನ ರೂಪದಲ್ಲಿ ಕಾರ್ಟ್ರಿಜ್‌ನೊಳಗೇ ಇಟ್ಟು ಕಳಿಸಿದ ಆ ಉಪಾಯದಲ್ಲಿ, ಲಾಸನ್ ಅವರು ರೂಪಿಸಲು ಮುಂದಾದ ಕಾರ್ಟ್ರಿಜ್ ಎಷ್ಟು ದೂರ ಸಾಗಿತೆಂಬುದು ಕಾಣುತ್ತದೆ. ನಿಂಟೆಂಡೊ ಆಟಗಳ ನಾಯಕ ಮಾರಿಯೋನ ದನಿಯಾಗಿದ್ದ ಚಾರ್ಲ್ಸ್ ಮಾರ್ಟಿನೆ ಅವರ ನಿರೂಪಣೆ ಹಿತವಾಗಿದೆ.

ನನ್ನ ನಿಜವಾದ ಅಸಮಾಧಾನ ಬೇರೆ. ಆಟಗಳು ಹೇಗೆ ಹುಟ್ಟಿದವೆಂದು ಇಷ್ಟು ಪ್ರೀತಿಯಿಂದ ಹೇಳುವ ಸರಣಿ, ಅವು ಹೇಗೆ ಸಾಯುತ್ತಿವೆ ಎಂಬುದರ ಬಳಿ ಸುಳಿಯುವುದು ಕಡಿಮೆ. ಆಟದ ಪ್ರಗತಿಯನ್ನು ಉಳಿಸುವ ಹಲವು ಕಾರ್ಟ್ರಿಜ್‌ಗಳಲ್ಲಿ ಸಣ್ಣ ಲಿಥಿಯಂ ಬ್ಯಾಟರಿ ಇರುತ್ತದೆ. ಅದು ಬರಿದಾದ ದಿನ ಯಾರೋ ಒಂದು ಮಗು ವರ್ಷಗಳ ಹಿಂದೆ ಉಳಿಸಿಟ್ಟಿದ್ದ ಆಟ ಸದ್ದಿಲ್ಲದೆ ಅಳಿಸಿಹೋಗುತ್ತದೆ. ಅಮೆರಿಕದಲ್ಲಿ 2010ಕ್ಕೆ ಮುನ್ನ ಬಿಡುಗಡೆಯಾದ ಆಟಗಳಲ್ಲಿ ಶೇಕಡ 87ರಷ್ಟು ಇಂದು ಮಾರಾಟದಲ್ಲೇ ಇಲ್ಲವೆಂದು ವಿಡಿಯೊ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳಿತು. ಇನ್ನೊಂದೆಡೆ, ಸರಣಿ ಬಂದ ಮರುವರ್ಷವೇ ‘ಸೂಪರ್ ಮಾರಿಯೋ 64’ರ ತೆರೆಯದ ಪ್ರತಿಯೊಂದು ಹರಾಜಿನಲ್ಲಿ 15.6 ಲಕ್ಷ ಡಾಲರ್‌ಗೆ ಹೋಯಿತು. ಎಂದೂ ಆಡಲಾಗದಂತೆ ಗಾಜಿನಂಥ ಪೆಟ್ಟಿಗೆಯಲ್ಲಿ ಮುಚ್ಚಿಟ್ಟ ಆಟಕ್ಕೆ ಅಷ್ಟು ಬೆಲೆ ಬಂದದ್ದು ನನಗೆ ಇಂದಿಗೂ ನೋವಿನ ಸಂಗತಿ.

ಹಾಗಾಗಿಯೇ ಮೂರನೆಯ ಕಂತಿನ, ಆಟ ರಚನಕಾರ ರಯನ್ ಬೆಸ್ಟ್ ಅವರ ಭಾಗ ನನಗೆ ಸರಣಿಯ ಹೃದಯದಂತೆ ತೋರುತ್ತದೆ. 1992ರಲ್ಲಿ ಅವರು ರಚಿಸಿದ ‘ಗೇಬ್ಲೇಡ್’, ಸಲಿಂಗಿ ಸಮುದಾಯದವರನ್ನೇ ನಾಯಕರನ್ನಾಗಿಸಿದ ಮೊದಮೊದಲ ರೋಲ್ ಪ್ಲೇಯಿಂಗ್ (ಪಾತ್ರವೊಂದನ್ನು ವಹಿಸಿ ಆಡುವ) ಆಟಗಳಲ್ಲಿ ಒಂದು. ಮನೆ ಬದಲಿಸುವಾಗ ಅದರ ಪ್ರತಿಗಳೆಲ್ಲ ಕಳೆದುಹೋದವೆಂದು ಅವರು ಹೇಳುವಾಗಿನ ಮುಖವನ್ನು ಮೊದಲ ಸಲ ನೋಡಿದಾಗ ನಾನು ಕಂತನ್ನು ಅಲ್ಲಿಗೇ ನಿಲ್ಲಿಸಿದ್ದೆ. ಆ ಆಟದ ಒಂದು ಪ್ರತಿ ಕೊನೆಗೂ ಸಿಕ್ಕಿತು. ಇಂಟರ್ನೆಟ್ ಆರ್ಕೈವ್ ಎಂಬ ಉಚಿತ ಆನ್‌ಲೈನ್ ಸಂಗ್ರಹದಲ್ಲಿ ಅದನ್ನು ಯಾರು ಬೇಕಾದರೂ ಆಡಬಹುದು. ನಾಲ್ಕನೆಯ ಸಲ ಸರಣಿ ನೋಡಿ ಮುಗಿಸಿದ ರಾತ್ರಿ ನಾನು ಆಡಿದ್ದು ಅದನ್ನೇ.